ದಮ್ ಎಳೆಯುವವನು

ರಾತ್ರಿ ಊಟ ಆದ ಮೇಲೆ ಒಂದು ಸಿನಿಮಾ ಹಾಕಿಕೊಂಡು ಕೂರುವುದು ನಮ್ಮ ಮನೆಯ ಅಭ್ಯಾಸ. ಯಾವುದೋ ಇಂಗ್ಲಿಷ್ ಸಿನಿಮಾ. ಮರಳುಗಾಡು, ಕುದುರೆ, ಕತ್ತಿ, ಧೂಳು. ಎಲ್ಲ ಗದ್ದಲದ ನಡುವೆ ಇದ್ದಕ್ಕಿದ್ದ ಹಾಗೆ ಒಂದು ವಾದ್ಯ ಶುರುವಾಗುತ್ತದೆ. ತಗ್ಗಿದ ದನಿ, ಗಂಟಲು ಕಟ್ಟಿದವರು ಹಾಡಿದ ಹಾಗೆ. ಕೊಳಲಲ್ಲ, ಶಹನಾಯಿಯೂ ಅಲ್ಲ. ನನ್ನ ಹೆಂಡತಿ ಹುರಿಗಡಲೆ ತಿನ್ನುವುದನ್ನು ನಿಲ್ಲಿಸದೆ ಹೇಳುತ್ತಾಳೆ: "ಈಗ ಯಾರೋ ಸಾಯ್ತಾರೆ ನೋಡಿ." ಎರಡು ನಿಮಿಷಕ್ಕೆ ಯಾರೋ ಸಾಯುತ್ತಾರೆ. ಅವಳ ಲೆಕ್ಕ ಇವತ್ತಿನವರೆಗೂ ತಪ್ಪಿದ್ದು ಕಡಿಮೆ. ಹಾಗಾಗಿ ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಅದಕ್ಕೆ 'ಸಾಯೋ ವಾದ್ಯ' ಅಂತಲೇ ಹೆಸರು.

ನಿಜವಾದ ಹೆಸರು ದುದುಕ್, ಅರ್ಮೇನಿಯಾದ್ದು ಅಂತ ಗೊತ್ತಾಗಿದ್ದು ಆಮೇಲೆ. 2000ದಲ್ಲಿ ಬಂದ 'ಗ್ಲಾಡಿಯೇಟರ್' ಸಿನಿಮಾಕ್ಕೆ ಜಿವಾನ್ ಗಾಸ್ಪರಿಯಾನ್ ಅನ್ನುವ ದೊಡ್ಡ ವಾದಕರು ಅದನ್ನು ನುಡಿಸಿದ್ದರು. ಅಲ್ಲಿಂದ ಮುಂದೆ ಅದು ಹಾಲಿವುಡ್ಡಿನ ಒಗ್ಗರಣೆ ಡಬ್ಬಿ ಸೇರಿಬಿಟ್ಟಿತು. ಪುರಾತನ ಕಾಲ ಬೇಕಾ, ಮರಳು ಬೇಕಾ, ವಿಧವೆಯ ಕಣ್ಣೀರು ಬೇಕಾ, ಒಂದು ಚಮಚ ದುದುಕ್ ಹಾಕು. ಈಗಂತೂ ವಾದಕನೂ ಬೇಕಿಲ್ಲ. ಕಂಪ್ಯೂಟರಿನಲ್ಲಿ ಅದರ ಸ್ವರಗಳನ್ನು ತುಂಬಿಟ್ಟಿರುತ್ತಾರೆ. ಕೀಬೋರ್ಡಿನ ಮನೆ ಒತ್ತಿದರೆ ಸಾಕು, ದುಃಖ ಬರುತ್ತದೆ.

ಇದರಲ್ಲಿ ಆಕ್ಷೇಪಣೆ ಮಾಡುವಂಥದ್ದೇನೂ ಇಲ್ಲ ಅಂದುಕೊಂಡಿದ್ದೆ. ಸಿನಿಮಾ ಅಂದಮೇಲೆ ಇದೆಲ್ಲ ಇದ್ದದ್ದೇ. ಆದರೆ ಆ ದನಿಯಲ್ಲಿ ಏನೋ ಒಂದು ಕಮ್ಮಿ ಅಂತ ಯಾವಾಗಲೂ ಅನಿಸುತ್ತಿತ್ತು. ಉಪ್ಪು ಹಾಕಲು ಮರೆತ ಸಾರಿನ ಹಾಗಲ್ಲ. ಮನೆಗೆ ಬಂದವರು ಒಂಟಿಯಾಗಿ ಬಂದಿದ್ದಾರೆ, ಜೊತೆಯವರು ಎಲ್ಲಿ ಅಂತ ಕೇಳಬೇಕು ಅನ್ನಿಸುತ್ತದಲ್ಲ, ಆ ಥರ.

ಗೋಡೆಗೆ ಬೇಕಾ, ಬಾಯಿಗೆ ಬೇಕಾ

ಅಕ್ಕನ ಮಗಳು ಅರ್ಮೇನಿಯಾದ ರಾಜಧಾನಿ ಯೆರೆವಾನಿನಲ್ಲಿ ಡಾಕ್ಟರ್ ಓದಿದಳು. ಇಂಡಿಯಾದಿಂದ ಅಲ್ಲಿಗೆ ಓದಲು ಹೋಗುವ ಮಕ್ಕಳು ಬಹಳ. ಅವಳ ಓದು ಮುಗಿದ ವರ್ಷ, ಜೂನ್ ಕೊನೆಯಲ್ಲಿ, ಅಕ್ಕನ ಜೊತೆ ನಾನೂ ಹೋದೆ. ಹೋದ ಹೊತ್ತು ಚೆನ್ನಾಗಿತ್ತು. ಏಪ್ರಿಕಾಟ್ ಹಣ್ಣಿನ ಕಾಲ. ನಮ್ಮಲ್ಲಿ ಮೇ ತಿಂಗಳಲ್ಲಿ ಮಾವು ಸುರಿದಿರುವ ಹಾಗೆ ಅಲ್ಲಿ ಬೀದಿ ಬೀದಿಯಲ್ಲಿ ಏಪ್ರಿಕಾಟ್. ನಾನು ಅದುವರೆಗೂ ಒಣಗಿದ್ದನ್ನಷ್ಟೇ ತಿಂದಿದ್ದೆ. ಹಸಿ ಹಣ್ಣು ಬೇರೆಯೇ ವಸ್ತು. ಅಕ್ಕ ಎರಡು ದಿನ ಅನ್ನ ಸಿಗಲಿಲ್ಲ ಅಂತ ಗೊಣಗಲೇ ಇಲ್ಲ, ಹಣ್ಣು ತಿಂದುಕೊಂಡೇ ಇದ್ದಳು. ಈ ಹಣ್ಣಿನ ಮೂಲ ಚೀನಾದ ಕಡೆ ಅಂತಾರೆ. ಆದರೆ ಹಳೆಯ ರೋಮಿನವರು ಇದನ್ನು ಅರ್ಮೇನಿಯಾದ ಹಣ್ಣು ಅಂತ ಕರೆದರು. ಸಸ್ಯಶಾಸ್ತ್ರದ ಹೆಸರೂ ಪ್ರೂನಸ್ ಅರ್ಮೇನಿಯಾಕಾ. ಧ್ವಜದ ಮೂರನೆಯ ಪಟ್ಟಿ ಕಿತ್ತಳೆ ಬಣ್ಣದ್ದು, ಅದನ್ನೂ ಅಲ್ಲಿಯ ಜನ ಏಪ್ರಿಕಾಟ್ ಬಣ್ಣ ಅಂತಾರೆ.

ದುದುಕ್ ಮಾಡುವುದು ಈ ಮರದಿಂದಲೇ. ಅದಕ್ಕೆ ಅವರ ಹಳೆಯ ಹೆಸರು ತ್ಸಿರಾನಾಪೋಘ್. ತ್ಸಿರಾನ್ ಅಂದರೆ ಏಪ್ರಿಕಾಟ್, ಪೋಘ್ ಅಂದರೆ ಊದುಕೊಳವೆ. ದುದುಕ್ ಅನ್ನುವ ಹೆಸರು ತುರ್ಕಿ ಭಾಷೆಯ ಕಡೆಯದು. ಅಕ್ಕಪಕ್ಕದ ದೇಶಗಳಲ್ಲೂ ಇದರ ದಾಯಾದಿಗಳಿವೆ. ಅಜರ್‌ಬೈಜಾನಿನಲ್ಲಿ ಬಲಬಾನ್, ತುರ್ಕಿಯಲ್ಲಿ ಮೇಯ್. ಯುನೆಸ್ಕೋ 2005ರಲ್ಲಿ ಅರ್ಮೇನಿಯಾದ ದುದುಕ್ ಸಂಗೀತಕ್ಕೆ ಮಾನ್ಯತೆ ಕೊಟ್ಟಿತು, 2008ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಬಲಬಾನ್ ಮತ್ತು ಮೇಯ್ ಆ ಪಟ್ಟಿಗೆ ಬಂದದ್ದು 2023ರಲ್ಲಿ. ಮೈಸೂರು ಪಾಕ್ ಯಾರದ್ದು ಅಂತ ನಾವೂ ತಮಿಳರೂ ಫೋನಿನಲ್ಲಿ ಕಿತ್ತಾಡಿದ್ದು ನೆನಪಾಯಿತು. ಆದರೆ ಅದು ತಮಾಷೆ. ಇವರ ಗಡಿಗಳಲ್ಲಿ ನಿಜವಾದ ಯುದ್ಧಗಳು ಆಗಿವೆ, ಅಲ್ಲಿ ವಾದ್ಯದ ಹೆಸರೂ ಸುಮ್ನೆ ಹೆಸರಲ್ಲ.

ಯೆರೆವಾನಿನ ದೊಡ್ಡ ಚೌಕದ ಹತ್ತಿರ ವೆರ್ನಿಸಾಜ್ ಅಂತ ಒಂದು ಸಂತೆ ಇದೆ. ಜಮಖಾನ, ದಾಳಿಂಬೆ ಗೊಂಬೆ, ಹಳೆಯ ಸೋವಿಯತ್ ಪದಕ, ಏನು ಬೇಕಾದರೂ ಸಿಗುತ್ತದೆ. ಒಂದು ಮೇಜಿನ ಮೇಲೆ ನಲವತ್ತು ಐವತ್ತು ದುದುಕ್ ಸೌದೆ ಜೋಡಿಸಿದ ಹಾಗೆ ಜೋಡಿಸಿದ್ದರು. ನಾನು ಒಂದನ್ನು ಎತ್ತಿಕೊಂಡೆ. ಮಾರುವ ಮುದುಕ ಏನೋ ಅಂದ. ಅಕ್ಕನ ಮಗಳು ನಗುತ್ತಾ ಹೇಳಿದಳು: "ಮಾವ, ಗೋಡೆಗೆ ಬೇಕಾ ಬಾಯಿಗೆ ಬೇಕಾ ಅಂತ ಕೇಳ್ತಿದ್ದಾರೆ." ಗೋಡೆಯದ್ದಕ್ಕೆ ಮೈತುಂಬಾ ಕೆತ್ತನೆ, ಮೆರುಗು. ಬಾಯಿಯದ್ದು ಮೇಜಿನ ಕೆಳಗೆ, ಬಟ್ಟೆ ಸುತ್ತಿಕೊಂಡಿತ್ತು. ನೋಡಲು ಏನೂ ಇಲ್ಲ. ಕಂದು ಬಣ್ಣದ ಒಂದು ಕೊಳವೆ, ಒಂದು ಅಡಿಗಿಂತ ಸ್ವಲ್ಪ ಉದ್ದ. ಮುಂದೆ ಎಂಟು ತೂತು, ಹಿಂದೆ ಹೆಬ್ಬೆರಳಿಗೆ ಒಂದು.

ತಮಾಷೆ ಇರುವುದು ಅದರ ಪೀಪಿಯಲ್ಲಿ. ನಾದಸ್ವರದವರು ಜೀವಾಳಿ ಅಂತಾರಲ್ಲ, ಅದು. ನಾದಸ್ವರದ ಜೀವಾಳಿ ಉಗುರಿನಷ್ಟು. ಇದು ನನ್ನ ನಡುಬೆರಳಿಗಿಂತ ಉದ್ದ, ಚಪ್ಪಟೆ, ಬಾತುಕೋಳಿಯ ಕೊಕ್ಕಿನ ಹಾಗೆ. ಅದಕ್ಕೆ ಘಮಿಷ್ ಅಂತ ಹೆಸರು. ಅರಾಕ್ಸ್ ನದಿಯ ದಡದಲ್ಲಿ ಬೆಳೆಯುವ ಜೊಂಡಿನಿಂದ ಮಾಡುತ್ತಾರೆ. ನಡುವೆ ಒಂದು ಪಟ್ಟಿ, ಅದನ್ನು ಮೇಲೆ ಕೆಳಗೆ ಸರಿಸಿ ಶ್ರುತಿ ಮಾಡಿಕೊಳ್ಳಬೇಕು. ತುದಿಗೆ ಒಂದು ಕುಲಾವಿ, ನುಡಿಸದೇ ಇದ್ದಾಗ ಬಾಯಿ ಅಗಲ ಆಗದೆ ಇರಲಿ ಅಂತ. ಇಷ್ಟು ಚಿಕ್ಕ ಕೊಳವೆಗೆ ಅಷ್ಟು ತಗ್ಗಿನ ದನಿ ಎಲ್ಲಿಂದ ಬರುತ್ತದೆ ಅನ್ನುವುದಕ್ಕೂ ಕಾರಣ ಇದೆ. ನಾದಸ್ವರ, ಶಹನಾಯಿಯ ಒಳಗಿನ ತೂತು ಕೆಳಗೆ ಹೋಗುತ್ತಾ ಅಗಲವಾಗುತ್ತದೆ. ದುದುಕ್‌ದು ಮೇಲಿಂದ ಕೆಳಗಿನವರೆಗೂ ಒಂದೇ ಅಗಲ. ಹಾಗಿದ್ದಾಗ ಅಷ್ಟೇ ಉದ್ದದ ಕೊಳವೆ ಹೆಚ್ಚುಕಮ್ಮಿ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಶಹನಾಯಿಯ ನೆಂಟ ಜುರ್ನಾ ಅಲ್ಲಿಯೂ ಇದೆ. ಅದು ಬಯಲಿಗೆ, ಇದು ಮನೆಯೊಳಗೆ. ಇದರ ದನಿ ಮನುಷ್ಯರ ದನಿಯ ಮಟ್ಟದಲ್ಲೇ ಇರುತ್ತದೆ. ಯಾರೋ ಮಾತಾಡಲು ಹೋಗಿ ಆಗದೆ ಹಾಡುತ್ತಿದ್ದಾರೆ ಅನ್ನಿಸುವುದು ಅದಕ್ಕೇ ಇರಬೇಕು.

ಬಾಯಿಯದ್ದನ್ನೇ ಕೊಂಡೆ. ಮುದುಕ ದುಡ್ಡು ಎಣಿಸಿಕೊಂಡು ಇನ್ನೊಂದನ್ನು ಎತ್ತಿ ಹಿಡಿದ. "ಇದನ್ನೂ ತಗೋ, ಎರಡು ಬೇಕು" ಅಂದ. ವ್ಯಾಪಾರದ ಮಾತು ಅಂದುಕೊಂಡು ಕೈ ಬೀಸಿ ಬಂದುಬಿಟ್ಟೆ.

ಎರಡನೆಯವನು

ಆ ವಾರದ ಕೊನೆಯಲ್ಲಿ ಅಕ್ಕನ ಮಗಳ ಗೆಳತಿಯ ಮನೆಯವರು ನಮ್ಮನ್ನೆಲ್ಲ ಊಟಕ್ಕೆ ಕರೆದರು. ಊರಾಚೆ ತೋಟದಂಥ ಒಂದು ಹೋಟೆಲು. ಪಕ್ಕದ ಉದ್ದ ಮೇಜಿನಲ್ಲಿ ಯಾರದೋ ಹುಟ್ಟುಹಬ್ಬ, ಮೂರು ತಲೆಮಾರು ಕೂತಿತ್ತು. ಮೂಲೆಯಲ್ಲಿ ಮೂವರು ವಾದಕರು. ಇಬ್ಬರ ಕೈಯಲ್ಲಿ ದುದುಕ್, ಒಬ್ಬನ ತೊಡೆಯ ಮೇಲೆ ಢೋಲ್. ಹೌದು, ಅಲ್ಲೂ ಅದರ ಹೆಸರು ಢೋಲ್. ನಾನು ಮನಸ್ಸಿನಲ್ಲೇ ಸಿದ್ಧನಾದೆ, ಈಗ ಯಾರೋ ಸಾಯ್ತಾರೆ ಅಂತ. ಅವರು ಶುರುಮಾಡಿದ್ದು ಕುಣಿತದ ಹಾಡು. ಎಂಬತ್ತು ದಾಟಿರಬೇಕಾದ ಅಜ್ಜಿ ಎದ್ದು ಎರಡೂ ಕೈ ಮೇಲೆತ್ತಿ ಮಣಿಕಟ್ಟು ತಿರುಗಿಸುತ್ತಾ ಕುಣಿದಳು. ನಮ್ಮ ಅಕ್ಕನೂ ಎದ್ದಳು! ಊರಲ್ಲಿ ಮಗನ ಮದುವೆಯಲ್ಲೇ ಕುಣಿಯದವಳು. ಸಾಯೋ ವಾದ್ಯ ಅಂತ ನಾವು ಹೆಸರಿಟ್ಟಿದ್ದ ಕೊಳವೆ ನಗುತ್ತಿತ್ತು, ತುಂಟಾಟ ಮಾಡುತ್ತಿತ್ತು.

ಆಮೇಲೆ ಒಂದು ನಿಧಾನದ್ದು ಬಂತು. ಆಗ ನನಗೆ ಎರಡನೆಯವನು ಕಂಡ.

ಮೊದಲನೆಯವನು ಕಣ್ಣು ಮುಚ್ಚಿ ರಾಗ ಬೆಳೆಸುತ್ತಿದ್ದ. ಎರಡನೆಯವನ ಬೆರಳು ಅಲುಗಲೇ ಇಲ್ಲ. ಒಂದೇ ಸ್ವರ. ಕೆನ್ನೆ ಎರಡೂ ಬೋಂಡದ ಹಾಗೆ ಉಬ್ಬಿವೆ. ಕಣ್ಣು ತೆರೆದಿದೆ. ಮೇಜಿನ ಕೆಳಗೆ ಆಡುತ್ತಿದ್ದ ಮಗುವನ್ನು ನೋಡುತ್ತಾನೆ, ಮಾಣಿ ತಟ್ಟೆ ಒಯ್ಯುವುದನ್ನು ನೋಡುತ್ತಾನೆ. ಸ್ವರ ಮಾತ್ರ ಕೂದಲೆಳೆಯಷ್ಟೂ ಅಲುಗುವುದಿಲ್ಲ, ನಿಲ್ಲುವುದೂ ಇಲ್ಲ. ಮೂಗಿನಿಂದ ಉಸಿರು ಒಳಗೆ ತೆಗೆದುಕೊಳ್ಳುವಾಗ ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರಗೆ ತಳ್ಳುತ್ತಿರುತ್ತಾನೆ. ನೋಡುತ್ತಾ ನೋಡುತ್ತಾ ನನಗೇ ಉಸಿರು ಕಟ್ಟಿತು. ಒಂದು ಜಾಗದಲ್ಲಿ ರಾಗ ಬೇರೆ ಕಡೆ ವಾಲಿತು. ಆಗ ಇವನ ಒಂದು ಬೆರಳು ಎದ್ದಿತು, ಸ್ವರ ಬದಲಾಯಿತು, ಮತ್ತೆ ಕಲ್ಲಿನ ಹಾಗೆ ಕೂತಿತು. ಮೊದಲನೆಯವನು ಅಲ್ಲಿಗೆ ಹೋಗುತ್ತಾನೆ ಅಂತ ಇವನಿಗೆ ಮೊದಲೇ ಗೊತ್ತಿತ್ತು.

ಈ ಸ್ವರಕ್ಕೆ ದಾಮ್ ಅನ್ನುತ್ತಾರೆ. ನುಡಿಸುವವನು ದಾಮ್‌ಕಾಶ್. ಎರಡೂ ಪಾರಸಿ ಕಡೆಯಿಂದ ಬಂದ ಮಾತು. ದಮ್ ಅಂದರೆ ಉಸಿರು. ನಮಗೆ ಹೊಸದೇನಲ್ಲ. ದಮ್ಮು ಕಟ್ಟುವುದು, ದಮ್ಮಿನ ಕಾಯಿಲೆ, ದಮ್ ಇದ್ರೆ ಬಾರೋ, ದಮ್ ಬಿರಿಯಾನಿ, ಎಲ್ಲ ಅದೇ ದಮ್. ಕಾಶ್ ಅಂದರೆ ಎಳೆಯುವವನು. ದಾಮ್‌ಕಾಶ್ ಅಂದರೆ ಅಕ್ಷರಶಃ ದಮ್ ಎಳೆಯುವವನು. ಇದನ್ನು ಅಕ್ಕನಿಗೆ ಹೇಳಿದರೆ "ಬೀಡಿ ಸೇದೋನಾ?" ಅಂದಳು.

ಬಿಡುವಿನಲ್ಲಿ ಅವನು ಹೊರಗೆ ನಿಂತು ನಿಜಕ್ಕೂ ಸಿಗರೇಟು ಸೇದುತ್ತಿದ್ದ. ಅಕ್ಕನ ಮಗಳನ್ನು ಕರೆದುಕೊಂಡು ಹೋಗಿ ಕೇಳಿಸಿದೆ, ಒಂದೇ ಸ್ವರ ಊದಿ ಊದಿ ಬೇಜಾರಾಗಲ್ವಾ ಅಂತ. ಅವನು ಒಳಗಿದ್ದ ಜೊತೆಗಾರನ ಕಡೆ ಗಲ್ಲ ತೋರಿಸಿದ. "ಅವನು ಮಧ್ಯೆ ಮಧ್ಯೆ ನಿಂತು ಉಸಿರು ತಗೋತಾನೆ. ನನಗೆ ಆ ಭಾಗ್ಯ ಇಲ್ಲ. ದುಡ್ಡು ಮಾತ್ರ ಅವನಿಗೇ ಜಾಸ್ತಿ." ಹೇಳಿ ಜೋರಾಗಿ ನಕ್ಕ. ಕೆನ್ನೆ ಸೋತು ಜೋಲುಬಿದ್ದಿದ್ದವು, ಗಾಳಿ ಇಳಿದ ಬಲೂನಿನ ಹಾಗೆ.

ಒತ್ತಿನ ತಾತ

ಆ ಕೆನ್ನೆಗಳನ್ನು ನಾನು ಮೊದಲೇ ನೋಡಿದ್ದೆ. ಮಂಡ್ಯದ ಕಡೆಯ ನಮ್ಮೂರಿನಲ್ಲಿ, ಮದುವೆ ಮನೆಗಳಲ್ಲಿ. ವಾಲಗದವರಲ್ಲಿ ನಾದಸ್ವರ ಊದುವವರು ಒಬ್ಬರು, ಡೋಲು ಒಬ್ಬರು, ತಾಳಕ್ಕೆ ಒಬ್ಬ ಹುಡುಗ. ಇವರ ಹಿಂದೆ, ಅರ್ಧ ಕಂಬದ ಮರೆಯಲ್ಲಿ, ಒತ್ತು ಹಿಡಿದ ತಾತ. ಒತ್ತು ಅಂದರೆ ನಾದಸ್ವರದ ಹಾಗೇ ಕಾಣುವ ಕೊಳವೆ, ಬೆರಳಾಡಿಸುವ ತೂತಿಲ್ಲ. ಒಂದೇ ಶ್ರುತಿ. ಮಕ್ಕಳಾದ ನಮಗೆ ಅವರೆಂದರೆ ಗೇಲಿ. "ತಾತಂಗೆ ಹಾಡು ಬರಲ್ಲ, ಬರೀ ಬೊಂಯ್ ಅಂತಾರೆ" ಅಂತ ಕೆನ್ನೆ ಉಬ್ಬಿಸಿ ಅಣಕಿಸುತ್ತಿದ್ದೆವು. ಅವರು ಊದುತ್ತಲೇ ಕಣ್ಣು ದೊಡ್ಡದು ಮಾಡಿ ನಮ್ಮನ್ನು ಹೆದರಿಸುತ್ತಿದ್ದರು. ಶ್ರುತಿ ನಿಲ್ಲುತ್ತಿರಲಿಲ್ಲ.

ಆಮೇಲೆ ಕರೆಂಟಿನ ಶ್ರುತಿ ಪೆಟ್ಟಿಗೆ ಬಂತು. ಎಲೆಕ್ಟ್ರಾನಿಕ್ ತಂಬೂರಿ ಮಾಡಿದ ಜಿ. ರಾಜ್ ನಾರಾಯಣ್ ನಮ್ಮ ಬೆಂಗಳೂರಿನವರೇ, ಸ್ವತಃ ಕೊಳಲು ನುಡಿಸುವವರು. ಆ ಪೆಟ್ಟಿಗೆಯಿಂದ ಎಷ್ಟು ಜನ ಸಂಗೀತಗಾರರಿಗೆ ಉಪಕಾರ ಆಗಿದೆ ಅಂತ ಹೇಳಬೇಕಿಲ್ಲ. ಊರಿಂದೂರಿಗೆ ತಂಬೂರಿ ಹೊತ್ತವರಿಗೇ ಗೊತ್ತು ಆ ಕಷ್ಟ. ಆದರೆ ನಮ್ಮೂರಿನ ತಾತನಿಗೆ ಏನಾಯಿತು ಅಂದರೆ, ಅವರನ್ನು ವಾಲಗದವರು ಬಿಡಲಿಲ್ಲ. ಪೆಟ್ಟಿಗೆ ಹೊತ್ತು ತರುವ ಕೆಲಸ ಕೊಟ್ಟರು. ನನ್ನ ಚಿಕ್ಕಪ್ಪನ ಮದುವೆಯಲ್ಲಿ ಅವರು ಪ್ಲಗ್ ಪಾಯಿಂಟ್ ಹುಡುಕುತ್ತಾ ಛತ್ರದ ಗೋಡೆ ಉದ್ದಕ್ಕೂ ತಡವುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಸ್ವಿಚ್ಚು ಹಾಕಿದರು. ಪೆಟ್ಟಿಗೆ ಗುಂಯ್ ಅಂದಿತು. ಅದರ ಪಕ್ಕದಲ್ಲೇ, ಊದುವಾಗ ಕೂರುತ್ತಿದ್ದ ಹಾಗೇ ಬೆನ್ನು ನೆಟ್ಟಗೆ ಮಾಡಿ ಕೂತರು. ಮಧ್ಯೆ ಕರೆಂಟು ಹೋಯಿತು. ಶ್ರುತಿ ನಿಂತಿತು. ನಾದಸ್ವರದವರು ಒಂದು ಗಳಿಗೆ ತಡವರಿಸಿ, ತಿರುಗಿ ತಾತನ ಕಡೆ ನೋಡಿದರು. ತಾತ ಖಾಲಿ ಕೈ ತೋರಿಸಿದರು. ಒತ್ತನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ಒತ್ತು ಕೊಡು, ಒತ್ತಾಗಿ ನಿಲ್ಲು, ಒತ್ತಾಸೆ. ಅಕ್ಷರದ ಕಾಲ ಕೆಳಗೆ ಕೂರುವುದೂ ಒತ್ತೇ. ನನ್ನ ಕಿವಿಗೆ ಇವೆಲ್ಲ ಒಂದೇ ಮನೆಯ ಮಾತು.

ಯೆರೆವಾನಿನ ಆ ರಾತ್ರಿ ನನಗೆ ಹೊಳೆದದ್ದು ಇಷ್ಟೇ. ಸಿನಿಮಾದವರು ದುದುಕ್ ತಂದರು, ದಾಮ್‌ಕಾಶ್‌ನನ್ನು ಅಲ್ಲೇ ಬಿಟ್ಟು ಬಂದರು. ಅವನ ಜಾಗದಲ್ಲಿ ಕೀಬೋರ್ಡಿನದೊಂದು ಮೋಡ ಹರಡಿದರು, ಇಲ್ಲವೇ ಐವತ್ತು ಪಿಟೀಲು ತುಂಬಿದರು. ಪಿಟೀಲಿಗೆ ಉಸಿರಿನ ಚಿಂತೆ ಇಲ್ಲ. ಜೊತೆಗಾರನ ಕಡೆ ಒಂದು ಕಣ್ಣಿಟ್ಟು, ಕೆನ್ನೆ ನೋಯಿಸಿಕೊಂಡು, ಇವನ ಅಳು ಬೀಳದ ಹಾಗೆ ಕೆಳಗೆ ಕೈ ಕೊಟ್ಟ ಇನ್ನೊಂದು ಬಾಯಿ ಅಲ್ಲಿಲ್ಲ. ನಮಗೆ ಅಷ್ಟೊಂದು ಒಂಟಿ ಅನಿಸುತ್ತಿದ್ದ ದನಿ ಹುಟ್ಟಿನಿಂದ ಒಂಟಿ ಅಲ್ಲ. ನಾವು ಒಂಟಿ ಮಾಡಿಕೊಂಡು ಕೇಳುತ್ತಿದ್ದೇವೆ.

ಆಖ್ ಎಳೆಯುವುದಿಲ್ಲ

ಹಾಗಂತ ದುಃಖವನ್ನು ಹಾಲಿವುಡ್ಡೇ ಹಚ್ಚಿದ್ದು ಅಂದರೆ ಸುಳ್ಳಾಗುತ್ತದೆ. ಅರ್ಮೇನಿಯಾದಲ್ಲಿ ಸಾವಿನ ಮನೆಯಲ್ಲೂ ದುದುಕ್ ನುಡಿಸುತ್ತಾರೆ. 'ದ್ಲೆ ಯಮಾನ್' ಅನ್ನುವ ಜನಪದ ಹಾಡನ್ನು ದುದುಕ್‌ನಲ್ಲಿ ಕೇಳಿದರೆ ಎದೆ ಹಿಂಡುತ್ತದೆ. ಅದನ್ನು ಹಳ್ಳಿಯಿಂದ ಬರೆದುಕೊಂಡು ಉಳಿಸಿದವರು ಕೊಮಿತಾಸ್, ಪಾದ್ರಿ, ಸಾವಿರಾರು ಜನಪದ ಹಾಡು ಕಲೆಹಾಕಿದವರು. 1915ರ ಏಪ್ರಿಲ್ 24ರಂದು ಇಸ್ತಾಂಬುಲಿನಲ್ಲಿ ಹಿಡಿದುಕೊಂಡು ಹೋದ ಅರ್ಮೇನಿಯನ್ ಬರಹಗಾರರು, ಕಲಾವಿದರ ಜೊತೆ ಅವರೂ ಇದ್ದರು. ಜೀವಂತ ವಾಪಸು ಬಂದರು, ಮನಸ್ಸು ಮಾತ್ರ ಬರಲಿಲ್ಲ. ಉಳಿದ ಕಾಲವೆಲ್ಲ ಆಸ್ಪತ್ರೆಯಲ್ಲೇ, 1935ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ತುರ್ಕಿಯ ಆಟೋಮನ್ ಆಳ್ವಿಕೆಯಲ್ಲಿ ಆ ವರ್ಷ ಶುರುವಾದ ಅರ್ಮೇನಿಯನ್ನರ ನರಮೇಧದ ನೆನಪಿನ ಜೊತೆ ಈ ಹಾಡು ಅಂಟಿಕೊಂಡಿದೆ. ಆದರೆ ಹಾಡಿನ ಮಾತು ನೋಡಿದರೆ ಅದು ಒಲವಿನ ಹಾಡು. ನಮ್ಮ ಮನೆ, ನಿಮ್ಮ ಮನೆ ಎದುರುಬದುರು ಅಂತ ಬರುತ್ತದೆ. ಎದುರು ಮನೆಯೇ ಇಲ್ಲವಾದ ಮೇಲೆ ಒಲವಿನ ಹಾಡು ಮತ್ತೇನಾಗಬೇಕು?

ಗಾಸ್ಪರಿಯಾನ್ ಕಥೆಯೂ ಸ್ವಾರಸ್ಯ. 1928ರಲ್ಲಿ ಸೊಲಾಕ್ ಅನ್ನುವ ಹಳ್ಳಿಯಲ್ಲಿ ಹುಟ್ಟಿದವರು. ದುದುಕ್ ಕೇಳಲು ಹುಡುಗನಾಗಿ ಅವರು ಹೋಗುತ್ತಿದ್ದದ್ದು ಸಿನಿಮಾ ಥಿಯೇಟರಿಗೆ! ಮೂಕಿ ಚಿತ್ರಗಳ ಕಾಲ. ಪರದೆಯ ಪಕ್ಕ ಕೂತು ದುದುಕ್ ವಾದಕರು ಚಿತ್ರಕ್ಕೆ ತಕ್ಕ ಹಾಗೆ ನುಡಿಸುತ್ತಿದ್ದರು. ಪ್ರೀತಿಗೂ ಅದೇ, ಜಗಳಕ್ಕೂ ಅದೇ, ನಗುವಿಗೂ ಅದೇ. ಹಾಗೆ ಸಿನಿಮಾದಲ್ಲಿ ದುದುಕ್ ಕೇಳಿ ಬೆಳೆದ ಹುಡುಗನನ್ನು ಎಪ್ಪತ್ತು ದಾಟಿದ ಮೇಲೆ ಸಿನಿಮಾ ಮತ್ತೆ ಕರೆಯಿತು, ಬರೀ ಅಳುವಿಗೆ. ಅವರು 2021ರಲ್ಲಿ ತೀರಿಕೊಂಡರು.

ಹೊರಗಿನವರಿಗೆ ಅವರ ಹೆಸರು ತಲುಪಿದ್ದು 1989ರಲ್ಲಿ. ಸೋವಿಯತ್ ಕಾಲದ ಅವರ ಧ್ವನಿಮುದ್ರಿಕೆಯೊಂದನ್ನು ಬ್ರಯಾನ್ ಈನೋ ಅನ್ನುವ ಸಂಗೀತಗಾರ ಕೇಳಿ ಮರುಳಾಗಿ ಹೊರತಂದರು. ಅದರಲ್ಲಿ ದಾಮ್ ಇದೆ, ಕಿವಿಗೊಟ್ಟರೆ ಎರಡನೆಯವನ ಉಸಿರೂ ಸಿಗುತ್ತದೆ. ಅದರ ಹೆಸರಿನ ಅರ್ಥ, ಈ ಲೋಕದಲ್ಲಿ ನಾನು ದುಃಖಪಡುವುದಿಲ್ಲ ಅಂತ. ಹದಿನೆಂಟನೆಯ ಶತಮಾನದ ಸಯಾತ್ ನೋವಾ ಕಟ್ಟಿದ ಹಾಡಿನ ಮೊದಲ ಸಾಲು ಅದು. ಅರ್ಮೇನಿಯನ್, ಜಾರ್ಜಿಯನ್, ಅಜರ್‌ಬೈಜಾನಿ, ಮೂರೂ ಭಾಷೆಯಲ್ಲಿ ಹಾಡು ಕಟ್ಟಿದ ಕವಿ ಅವನು. ಮೂಲದಲ್ಲಿ 'ಆಖ್ ಚಿಮ್ ಕಾಶಿ' ಅಂತ ಇದೆ. ಆಖ್ ಅಂದರೆ ನಮ್ಮ ಅಯ್ಯೋ. ಕಾಶಿ ಅನ್ನುವುದು ದಾಮ್‌ಕಾಶ್‌ನಲ್ಲಿರುವ ಅದೇ ಎಳೆಯುವುದು. ನಾವು ನಿಟ್ಟುಸಿರು ಬಿಡುತ್ತೇವೆ, ಅವರು ಎಳೆಯುತ್ತಾರೆ! ನಾನು ಆಖ್ ಎಳೆಯುವುದಿಲ್ಲ ಅನ್ನುತ್ತಾನೆ ಕವಿ. ಯಾಕೆ? ಎಲ್ಲಿಯವರೆಗೆ ನೀನು ನನಗೆ ಜೀವವಾಗಿರುತ್ತೀಯೋ ಅಲ್ಲಿಯವರೆಗೆ. ಹಾಡಿನ ಎರಡನೆಯ ಸಾಲಿನಲ್ಲಿ ಎರಡನೆಯವರು ಬಂದೇ ಬಿಡುತ್ತಾರೆ.

ಕುಕ್ಕರ್ ಕೂಗುವವರೆಗೆ

ಮೈಸೂರಿಗೆ ತಂದ ಮೇಲೆ ನನ್ನ ದುದುಕ್ ಒಂದು ವಾರ ಬರೀ ಗಾಳಿ ಹೇಳಿತು. ಘಮಿಷ್‌ಗೆ ನಾಲ್ಕು ಹನಿ ನೀರು ಹಾಕಿ ಕೊಡವಿ, ಅದು ಬಾಯಿ ಬಿಡುವವರೆಗೆ ಕಾಯಬೇಕು. ಜುಲೈ ಮಳೆಯಲ್ಲಿ ನೀರೇ ಬೇಕಾಗಲಿಲ್ಲ. ತೇವಕ್ಕೆ ತಾನಾಗಿ ಮೀನಿನ ಹಾಗೆ ಬಾಯಿ ತೆರೆದು ಕೂತಿತ್ತು. ಕುಲಾವಿ ಹಾಕಿ, ಅಕ್ಕಿ ಡಬ್ಬದಲ್ಲಿ ಇಟ್ಟು, ಏನೇನೋ ಮಾಡಿ ಅದನ್ನು ದಾರಿಗೆ ತಂದೆ. ಅಂತೂ ಒಂದು ದಿನ ಸ್ವರ ಬಂತು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ "ಎಮ್ಮೆ ತಂದ್ರಾ ಸಾರ್?" ಅಂದರು.

ಫೋನಿನಲ್ಲಿ ದಾಮ್ ಸಿಗುತ್ತದೆ, ಗಂಟೆಗಟ್ಟಲೆ ಒಂದೇ ಸ್ವರ. ಅದನ್ನು ಹಾಕಿಕೊಂಡು ಮೇಲೆ ರಾಗ ಕಲಿಯುವುದು ಸುಲಭದ ದಾರಿ. ನಾನು ಹಾಗೆ ಮಾಡಲಿಲ್ಲ. ರಾಗದ ಕಡೆ ಹೋಗುವ ವಯಸ್ಸಲ್ಲ ನನ್ನದು. ಲೋಟದಲ್ಲಿ ನೀರು ಹಾಕಿ, ಎಳನೀರಿನ ಸ್ಟ್ರಾ ಇಟ್ಟು, ಗುಳ್ಳೆ ನಿಲ್ಲದ ಹಾಗೆ ಊದುತ್ತಾ ಮೂಗಿನಿಂದ ಉಸಿರು ತೆಗೆದುಕೊಳ್ಳುವುದನ್ನು ಮೊದಲು ಕಲಿಯಬೇಕು. ಎರಡು ತಿಂಗಳಾಯಿತು. ಮೂರು ಸಲ ನೀರು ಮೂಗಿಗೆ ಹೋಗಿದೆ. ಆಮೇಲೆ ಕೊಳವೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತೇನೆ. ಒಂದೇ ಸ್ವರ.

"ಮುಂದಕ್ಕೆ ಹೋಗಲ್ವಾ ಅದು?" ಅಂತ ಒಳಗಿಂದ ಕೇಳುತ್ತಾಳೆ ನನ್ನ ಹೆಂಡತಿ. ಕೈ ಕೆಲಸದ ಮಧ್ಯೆ ಅವಳಿಗೆ ಗೊತ್ತಿಲ್ಲದೆಯೇ ಏನೋ ಗುನುಗುವ ಅಭ್ಯಾಸ ಇದೆ, ಮೊದಲಿಂದಲೂ. ಮೊನ್ನೆ ನಾನು ಊದುತ್ತಿದ್ದಾಗ ಗುನುಗು ನನ್ನ ಸ್ವರಕ್ಕೆ ಬಂದು ಕೂತಿತು. ಯಾವುದೋ ಹಳೆಯ ಸೋಬಾನೆ ಪದ. ನಾನು ಕೆನ್ನೆ ಉಬ್ಬಿಸಿ, ಕಣ್ಣು ತೆರೆದು, ಅವಳು ಎತ್ತ ಹೋಗುತ್ತಾಳೋ ಅಂತ ನೋಡುತ್ತಾ ಹಿಡಿದುಕೊಂಡಿದ್ದೆ. ಹನ್ನೊಂದು ಸೆಕೆಂಡಿಗೆ ದಮ್ ಹೋಯಿತು. ಅವಳೂ ನಿಲ್ಲಿಸಿ ತಿರುಗಿ ನೋಡಿದಳು. ಕುಕ್ಕರ್ ಮೂರು ಸಲ ಕೂಗುವವರೆಗೆ ಎಳೆಯಬೇಕು ಅನ್ನುವುದು ಸದ್ಯದ ಗುರಿ.